ಮೊಲಕ್ಕೆ ಚಳಿಗಿಂತ ತೇವವೇ ಶತ್ರು

ಚಳಿಗಾಲ ಬಂತೆಂದರೆ ಮನೆಯ ಹಿರಿಯರು ಪೆಟ್ಟಿಗೆಯಿಂದ ಕೌದಿ, ಕಂಬಳಿಗಳನ್ನು ತೆಗೆದು ಬಿಸಿಲಿಗೆ ಹಾಕುತ್ತಾರೆ. ಮಕ್ಕಳ ಚಿಂತೆಯೇ ಬೇರೆ. ಹಿತ್ತಲಿನ ಗೂಡಿನಲ್ಲಿರುವ ಮೊಲಕ್ಕೆ ಏನು ಹೊದಿಸುವುದು?

ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯಂತಹ ಊರುಗಳಲ್ಲಾಗಲಿ ಮೊಲ ಸಾಕುವವರು ಅದನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಕಡಿಮೆ. ಹಿತ್ತಲಿನ ಬೇವಿನ ಮರದ ಕೆಳಗೆ, ಮಾಳಿಗೆಯ ಮೇಲೆ ಅಥವಾ ಅಂಗಳದ ಮೂಲೆಯಲ್ಲಿ ಅದಕ್ಕೊಂದು ಗೂಡು ಇರುತ್ತದೆ. ಡಿಸೆಂಬರಿನ ತಂಪು ಗಾಳಿ ಬೀಸತೊಡಗಿದ ಕೂಡಲೇ ಮನೆಯವರಿಗೆ ಕನಿಕರ ಹುಟ್ಟುತ್ತದೆ. ಗೂಡಿನ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಾರೆ. ಒಳಗೆ ಬಲ್ಬು ತೂಗುಹಾಕುತ್ತಾರೆ. ಕೆಲವರು ಪಕ್ಕದಲ್ಲಿ ಇದ್ದಿಲ ಕೆಂಡವನ್ನೂ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಮೊಲ ಮಂಕಾಗಿ ಕುಳಿತಿರುತ್ತದೆ, ಇಲ್ಲವೇ ಪ್ರಾಣ ಬಿಟ್ಟಿರುತ್ತದೆ. “ಪಾಪ, ಚಳಿಗೆ ಸತ್ತಿತು” ಎಂದು ಮಕ್ಕಳನ್ನು ಸಮಾಧಾನಪಡಿಸುತ್ತೇವೆ. ಆದರೆ ಎಷ್ಟೋ ಸಲ ಅದು ಸತ್ತದ್ದು ಚಳಿಯಿಂದಲ್ಲ, ನಾವು ಚಳಿಗೆ ಮಾಡಿದ ಉಪಾಯದಿಂದ.

ನಮ್ಮ ಚಳಿ ಮೊಲಕ್ಕೆ ಚಳಿಯೇ?

ಮೊಲದ ಮೈಯ ಸಹಜ ಉಷ್ಣಾಂಶ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಮೈಗಿಂತ ಸುಮಾರು ಎರಡು ಡಿಗ್ರಿ ಹೆಚ್ಚು. ಮೇಲೆ ದಟ್ಟವಾದ ತುಪ್ಪಟದ ಹೊದಿಕೆ ಬೇರೆ. ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಬಾರದು. ಹೆಚ್ಚಿನ ಶಾಖವನ್ನು ಅದು ಉದ್ದನೆಯ ಕಿವಿಗಳ ರಕ್ತನಾಳಗಳ ಮೂಲಕ ಹೊರಹಾಕುತ್ತದೆ. ಚಳಿಯಾದಾಗ ಅದೇ ರಕ್ತನಾಳಗಳು ಕಿರಿದಾಗಿ ಶಾಖವನ್ನು ಒಳಗೇ ಉಳಿಸುತ್ತವೆ. ಆದುದರಿಂದ ಚಳಿಗಾಲದ ಬೆಳಿಗ್ಗೆ ಮೊಲದ ಕಿವಿ ಮುಟ್ಟಿ ತಣ್ಣಗಿದೆ ಎಂದು ಗಾಬರಿಯಾಗಬೇಕಾಗಿಲ್ಲ.

ಬೆಳೆದ ಮೊಲಕ್ಕೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಬಹಳ ಹಿತವಾದುದು. ರಾಯಚೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಸಾಮಾನ್ಯವಾಗಿ 17-18 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಕೆಲವು ದಿನ ಇನ್ನೂ ಕೆಳಗಿಳಿಯುವುದುಂಟು. ಹಾಗೆ ನೋಡಿದರೆ ನಾವು ಹಲ್ಲು ಕಟಕಟಿಸುವ ಈ ರಾತ್ರಿಗಳೇ ನಮ್ಮ ಸೀಮೆಯ ಮೊಲಕ್ಕೆ ವರ್ಷದ ಸುಖದ ದಿನಗಳು. ಅದು ನಿಜವಾಗಿ ಕಷ್ಟಪಡುವುದು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ.

ಇದು ಬರೀ ಊಹೆಯ ಮಾತಲ್ಲ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಮೊಲಗಳ ಮೇಲೂ ಕೆಲಸ ಮಾಡುತ್ತದೆ. ಉಣ್ಣೆಗಾಗಿ ಸಾಕುವ ಅಂಗೋರಾ ಮೊಲಗಳಿಗೆ ಅದು ಆರಿಸಿಕೊಂಡ ಜಾಗ ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯ ಗಡ್ಸಾ. ದಕ್ಷಿಣದಲ್ಲಿ ಅದರ ಕೇಂದ್ರವಿರುವುದು ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ. ಎರಡೂ ತಂಪು ಪ್ರದೇಶಗಳೇ. ಅಲ್ಲಿಯ ಚಳಿ ನಮ್ಮ ಚಳಿಗಿಂತ ಎಷ್ಟೋ ಪಾಲು ಕಠಿಣ. ಅಲ್ಲಿ ಬದುಕಿ ಮರಿ ಹಾಕುವ ಪ್ರಾಣಿ ಮಾನ್ವಿಯ ಚಳಿಗೆ ಸಾಯುವುದೆಂದರೇನು?

ಹಾಗಾದರೆ ಚಳಿಗಾಲದಲ್ಲಿ ಮೊಲ ಕಾಯಿಲೆ ಬೀಳುವುದೇಕೆ?

ಕಾರಣಗಳು ನಾಲ್ಕು. ಒಂದನೆಯದು ತೇವ. ತುಪ್ಪಟದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೊಲವನ್ನು ಬೆಚ್ಚಗಿಡುವುದು. ತುಪ್ಪಟ ನೆನೆದರೆ ಆ ಗಾಳಿಯ ಜಾಗದಲ್ಲಿ ನೀರು ತುಂಬಿ ಮೈಯ ಶಾಖ ಸೋರಿಹೋಗುತ್ತದೆ. ನೆನೆದ ಕಂಬಳಿ ಹೊದ್ದು ಮಲಗಿದಂತೆ. ಎರಡನೆಯದು ನೇರವಾಗಿ ಮೈಗೆ ತಾಗುವ ಗಾಳಿ. ಮೂರನೆಯದು ಹಗಲು ರಾತ್ರಿಗಳ ಅಂತರ. ನಮ್ಮಲ್ಲಿ ಚಳಿಗಾಲದ ಮಧ್ಯಾಹ್ನವೂ ಉಷ್ಣಾಂಶ 29-30 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಬಿಸಿಲಿಗೆ ಬೆಂದು ರಾತ್ರಿ ಗಾಳಿಗೆ ನಡುಗುವ ಗೂಡಿನಲ್ಲಿ ಪ್ರಾಣಿ ಸೋಲುತ್ತದೆ. ನಾಲ್ಕನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಮುಚ್ಚಿದ ಗೂಡಿನ ಕೆಟ್ಟ ಗಾಳಿ.

ಮೊಲದ ಮೂತ್ರದಿಂದ ಅಮೋನಿಯಾ ಅನಿಲ ಹೊರಡುತ್ತದೆ. ಮೊಲ ಬಾಯಿಯಿಂದಲ್ಲ, ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಅದರ ಮೂಗು ಇರುವುದೂ ಹಾಸಿಗೆಗೆ ತೀರಾ ಹತ್ತಿರ. ಪ್ಲಾಸ್ಟಿಕ್ ಸುತ್ತಿದ ಗೂಡಿನಲ್ಲಿ ಅದು ರಾತ್ರಿಯಿಡೀ ಈ ಅನಿಲವನ್ನೇ ಉಸಿರಾಡುತ್ತದೆ. ಮೂಗು, ಶ್ವಾಸನಾಳದ ಒಳಪೊರೆ ಸುಟ್ಟಂತಾಗಿ ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಪಾಶ್ಚುರೆಲ್ಲಾ ಎಂಬ ರೋಗಾಣು ಆರೋಗ್ಯವಂತ ಮೊಲದ ಮೂಗಿನಲ್ಲೂ ಸುಮ್ಮನೆ ಇರಬಹುದು. ಪ್ರಾಣಿ ಬಲಗುಂದಿದಾಗ ಅದೇ ನೆಗಡಿಯಾಗಿ, ನ್ಯುಮೋನಿಯಾ ಆಗಿ ಕಾಡುತ್ತದೆ. ಜನ ಅದಕ್ಕೆ “ಚಳಿ ಹತ್ತಿದೆ” ಎನ್ನುತ್ತಾರೆ. ಹತ್ತಿದ್ದು ಚಳಿಯಲ್ಲ, ಹೊಲಸು ಗಾಳಿ.

ಬಿಲವೇ ಮಾದರಿ

ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲವೂ ಮನೆಯ ಸಾಕುಮೊಲವೂ ಒಂದೇ ಜಾತಿಯಲ್ಲ. ಕಾಡುಮೊಲ ಬಿಲ ತೋಡುವುದಿಲ್ಲ. ಪೊದೆಯ ಮರೆಯಲ್ಲಿ, ಬಯಲಿನಲ್ಲೇ ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಕೂದಲು ಬೆಳೆದು ಕಣ್ಣು ತೆರೆದಿರುತ್ತದೆ. ಸಾಕುಮೊಲದ ಮೂಲ ಯುರೋಪಿನ ಬಿಲವಾಸಿ ಮೊಲ. ಅದರ ಮರಿ ಹುಟ್ಟುವುದು ಬರಿಮೈಯಲ್ಲಿ, ಕಣ್ಣು ಮುಚ್ಚಿಕೊಂಡು. ಹತ್ತಿ ಬಿಡಿಸುವಾಗ, ಜೋಳ ಕೊಯ್ಯುವಾಗ ಸಿಕ್ಕ ಕಾಡುಮೊಲದ ಮರಿಯನ್ನು ಮಕ್ಕಳಿಗೆಂದು ಮನೆಗೆ ತರುವವರಿದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಹಿಡಿಯುವುದು ಅಪರಾಧ, ಗೂಡಿನಲ್ಲಿ ಅದು ಉಳಿಯುವುದೂ ವಿರಳ. ಇದ್ದಲ್ಲೇ ಬಿಟ್ಟುಬಿಡಿ, ತಾಯಿ ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ.

ಸಾಕುಮೊಲಕ್ಕೆ ಏನು ಬೇಕೆಂದು ತಿಳಿಯಲು ಬಿಲವನ್ನು ನೆನೆದರೆ ಸಾಕು. ಬಿಲ ಒಣಗಿರುತ್ತದೆ. ಅಲ್ಲಿ ಗಾಳಿ ಬೀಸುವುದಿಲ್ಲ, ಆದರೆ ಉಸಿರು ಕಟ್ಟುವುದೂ ಇಲ್ಲ. ಕತ್ತಲೆ ಇರುತ್ತದೆ. ಹಗಲು ರಾತ್ರಿ ಉಷ್ಣಾಂಶ ಹೆಚ್ಚು ಏರಿಳಿಯುವುದಿಲ್ಲ. ಬಿಲದಲ್ಲಿ ಬೆಂಕಿ ಇರುವುದಿಲ್ಲ, ಬಲ್ಬೂ ಇರುವುದಿಲ್ಲ. ಮೊಲದ ಮೈಯ ಶಾಖವೇ ಅಲ್ಲಿಯ ಬೆಂಕಿ. ನಾವು ಮಾಡಬೇಕಾದದ್ದು ಆ ಶಾಖ ಸೋರದಂತೆ ನೋಡಿಕೊಳ್ಳುವುದು, ಅಷ್ಟೆ.

ಗೂಡು ಎಲ್ಲಿ, ಹೇಗೆ?

ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ನಮ್ಮ ಅಂಗಳಗಳಲ್ಲಿ ಹಾಸಿರುವ ಶಹಾಬಾದಿ ಕಲ್ಲು ರಾತ್ರಿ ಬಹಳ ತಣ್ಣಗಾಗುತ್ತದೆ. ಅದರ ಮೇಲೆ ನೇರವಾಗಿ ಮೊಲವನ್ನು ಮಲಗಿಸಬಾರದು. ಎತ್ತರದ ಗೂಡಿನಿಂದ ನಾಯಿ, ಬೆಕ್ಕು, ಹೆಗ್ಗಣಗಳ ಕಾಟವೂ ತಪ್ಪುತ್ತದೆ. ಗೂಡಿನ ಕಾಲುಗಳನ್ನು ನೀರು ತುಂಬಿದ ಡಬ್ಬಿಗಳಲ್ಲಿ ಇಟ್ಟರೆ ಇರುವೆಗಳು ಹತ್ತಲಾರವು. ಎಳೆಯ ಮರಿಗಳಿದ್ದಾಗ ಇದು ಬಹಳ ಮುಖ್ಯ.

ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಮೂಡಣ ಮತ್ತು ಈಶಾನ್ಯ ದಿಕ್ಕಿನಿಂದ. ಸೂರ್ಯನಾದರೋ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ಆದುದರಿಂದ ಗೂಡಿನ ಜಾಲರಿಯ ಮುಖ ದಕ್ಷಿಣಕ್ಕಿರಲಿ, ಬೆನ್ನು ಉತ್ತರಕ್ಕಿರಲಿ, ಮೂಡಣ ಬದಿಗೆ ಹಲಗೆ ಇರಲಿ. ಮುಂದೆ ಒಂದಡಿ ಸೂರು ಚಾಚಿದ್ದರೆ ಡಿಸೆಂಬರಿನ ಓರೆ ಬಿಸಿಲು ಒಳಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಡುನೆತ್ತಿಯ ಸೂರ್ಯ ಒಳಗೆ ಇಣುಕಲಾರ. ಆದರೆ ಒಂದು ಮಾತು. ಚಳಿಗಾಲವೆಂದು ಗೂಡನ್ನು ದಿನವಿಡೀ ಬಿಸಿಲಿನಲ್ಲಿ ಇಡಬಾರದು. ಬೆಳಗಿನ ಬಿಸಿಲು ಹಿತ. ಮಧ್ಯಾಹ್ನ ಮರದ ನೆರಳೋ ಗೋಡೆಯ ನೆರಳೋ ಬೇಕೇ ಬೇಕು.

ಮಾಡಿಗೆ ಬರೀ ಪತ್ರಾಸು ಹೊದಿಸಿದ್ದರೆ ಎಚ್ಚರವಿರಲಿ. ಮೋಡವಿಲ್ಲದ ರಾತ್ರಿ ಪತ್ರಾಸು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೊಲದ ಉಸಿರಿನ ತೇವ ಅದರ ಒಳಮೈಗೆ ತಗುಲಿ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಹಾಸಿಗೆ ಒದ್ದೆಯಾಗಿದ್ದರೆ ಜನ ಮೂತ್ರವೆಂದುಕೊಳ್ಳುತ್ತಾರೆ. ಪತ್ರಾಸಿನ ಕೆಳಗೆ ಒಂದು ಹಲಗೆ, ಮೇಲೆ ನಾಲ್ಕು ಬೆರಳು ದಪ್ಪ ಹುಲ್ಲು, ಅದರ ಮೇಲೆ ಗೋಣಿತಾಟು ಹಾಕಿ ಕಟ್ಟಿದರೆ ಈ ತೊಂದರೆ ನಿಲ್ಲುತ್ತದೆ. ಅದೇ ಹೊದಿಕೆ ಹಗಲಿನ ಸೆಕೆಯನ್ನೂ ತಡೆಯುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಗೂಡಿನೊಳಗೊಂದು ಚಿಕ್ಕ ಪೆಟ್ಟಿಗೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಸಾಕು. ದೊಡ್ಡ ಜಾತಿಯ ಮೊಲವಾದರೆ ಇನ್ನಷ್ಟು ದೊಡ್ಡದಿರಲಿ. ಅದರ ಬಾಯಿ ಆರರಿಂದ ಎಂಟು ಇಂಚು ಅಗಲವಿದ್ದು ಒಂದು ಪಕ್ಕಕ್ಕೆ ಇದ್ದರೆ ಗಾಳಿ ನೇರವಾಗಿ ನುಗ್ಗುವುದಿಲ್ಲ. ಹಳೆಯ ಹಣ್ಣಿನ ಪೆಟ್ಟಿಗೆಯನ್ನು, ಮೊಳೆ ಕಿತ್ತು ಸರಿಪಡಿಸಿ, ಇದಕ್ಕೆ ಬಳಸಬಹುದು. ಚಿಕ್ಕ ಜಾಗ ಮೊಲದ ಮೈಯ ಶಾಖದಿಂದಲೇ ಬೇಗ ಬೆಚ್ಚಗಾಗುತ್ತದೆ. ದೊಡ್ಡ ಗೂಡನ್ನು ಬೆಚ್ಚಗೆ ಮಾಡಲು ಹೊರಡುವುದು ಬಯಲಿಗೆ ಬೇಲಿ ಹಾಕಿದಂತೆ. ಎರಡು ಮೊಲಗಳಿದ್ದರೆ ಒಂದಕ್ಕೊಂದು ಆತು ಮಲಗಿ ಇನ್ನೂ ಬೆಚ್ಚಗಿರುತ್ತವೆ. ಆದರೆ ಎರಡು ಗಂಡುಗಳು ಕಾದಾಡುತ್ತವೆ. ಗಂಡು ಹೆಣ್ಣು ಜೊತೆಗಿದ್ದರೆ ಬಸಿರಾದ 31 ದಿನಕ್ಕೆ ಸಂಸಾರ ಬೆಳೆಯುತ್ತದೆ ಎಂಬುದು ನೆನಪಿರಲಿ.

ಊರಿಗೆ ತಕ್ಕ ಎಚ್ಚರ

ಒಂದೇ ಜಿಲ್ಲೆಯಾದರೂ ಮೂರೂ ಊರುಗಳ ಚಳಿ ಒಂದೇ ಬಗೆಯಲ್ಲ. ಮಾನ್ವಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಸೀಮೆ. ಕಾಲುವೆ, ಭತ್ತದ ಗದ್ದೆಗಳ ಬಳಿಯ ಮನೆಗಳಲ್ಲಿ ಬೆಳಗಿನ ಇಬ್ಬನಿ ಹೆಚ್ಚು. ಇಲ್ಲಿ ಹೋರಾಟ ತೇವದೊಂದಿಗೆ. ಹಾಸಿಗೆಯನ್ನು ಹೆಚ್ಚು ಸಲ ಬದಲಿಸಬೇಕು. ಗೂಡನ್ನು ಬಚ್ಚಲ ನೀರು ಹರಿಯುವ ಕಡೆಯಿಂದ ದೂರವಿಡಬೇಕು. ಬೆಳಿಗ್ಗೆ ಹೊದಿಕೆ ಸರಿಸಿ ಬಿಸಿಲಿಗೆ ಒಡ್ಡಬೇಕು. ಸೊಳ್ಳೆಗಳ ಕಾಟವಿದ್ದರೆ ಜಾಲರಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಬಹುದು. ಸೊಳ್ಳೆಬತ್ತಿಯನ್ನು ಗೂಡಿನ ಬಳಿ ಹಚ್ಚಬೇಡಿ.

ದೇವದುರ್ಗದ ಕಡೆ ಕಾಲುವೆಯ ನೀರು ತಲುಪದ ಎರೆಭೂಮಿಯ ಊರುಗಳಲ್ಲಿ ತೊಂದರೆ ಬೇರೆ. ಬಯಲು ವಿಶಾಲ, ಮರಗಳು ವಿರಳ. ಗಾಳಿ ಅಡ್ಡಿಯಿಲ್ಲದೆ ಬರುತ್ತದೆ. ಇಲ್ಲಿ ಗೂಡಿಗೆ ಗೋಡೆಯ ಆಸರೆ ಬೇಕು. ತೊಗರಿಕಟ್ಟಿಗೆಯ ತಡಿಕೆಯೊಂದನ್ನು ಮೂಡಣ ಬದಿಗೆ ನಿಲ್ಲಿಸಿದರೂ ಗಾಳಿಯ ರಭಸ ಮುರಿಯುತ್ತದೆ.

ರಾಯಚೂರು ನಗರದಲ್ಲಿ ಜಾಗದ ಕೊರತೆಯಿಂದ ಗೂಡುಗಳು ಮಾಳಿಗೆ ಹತ್ತಿವೆ. ಕಾಂಕ್ರೀಟಿನ ಮಾಳಿಗೆ ಹಗಲು ಕಾವಲಿಯಂತೆ ಕಾಯುತ್ತದೆ. ರಾತ್ರಿ ಎಲ್ಲ ಕಡೆಯಿಂದ ಗಾಳಿ. ಮೊಲಕ್ಕೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಸಾಧ್ಯವಾದರೆ ಮೆಟ್ಟಿಲ ಕೆಳಗಿನ ಜಾಗಕ್ಕೆ ಇಳಿಸಿ. ಆಗದಿದ್ದರೆ ನೀರಿನ ಟ್ಯಾಂಕಿನ ಅಥವಾ ಮೆಟ್ಟಿಲ ಕೋಣೆಯ ಗೋಡೆಯ ಮರೆಯಲ್ಲಾದರೂ ಇಡಿ.

ಹಾಸಿಗೆ ಯಾವುದು?

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಭಾಗ್ಯವಂತರು. ಭತ್ತದ ಹುಲ್ಲು ಎಲ್ಲಿ ಬೇಕಾದರೂ ಸಿಗುತ್ತದೆ. ಅದರ ಕಡ್ಡಿ ಟೊಳ್ಳು. ಆ ಟೊಳ್ಳಿನಲ್ಲಿ ಗಾಳಿ ನಿಂತು ಶಾಖವನ್ನು ಹಿಡಿದಿಡುತ್ತದೆ. ಪೆಟ್ಟಿಗೆಯ ತಳದಲ್ಲಿ ಹಳೆಯ ಪತ್ರಿಕೆಯ ನಾಲ್ಕಾರು ಹಾಳೆ, ಅದರ ಮೇಲೆ ಆರು ಇಂಚು ಹುಲ್ಲು. ಇಷ್ಟಾದರೆ ಮೊಲ ತಾನೇ ತುಳಿದು, ಕಡಿದು ತನಗೆ ಬೇಕಾದ ಗುಳಿ ಮಾಡಿಕೊಳ್ಳುತ್ತದೆ. ಹುಲ್ಲನ್ನು ಮೊದಲು ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಬೂಷ್ಟು ವಾಸನೆ ಇರುವುದು, ಕಪ್ಪಗಾದದ್ದು ಬೇಡ. ಜೋಳದ ಕಣಿಕೆ ಒರಟು. ಚಿಕ್ಕದಾಗಿ ಕತ್ತರಿಸಿ ಕೆಳಗೆ ಹಾಕಬಹುದು.

ಬಳಸಬಾರದ ವಸ್ತುಗಳನ್ನೂ ಹೇಳಬೇಕು. ಮೊದಲನೆಯದು ಹತ್ತಿ. ಹತ್ತಿಯ ಸೀಮೆಯಲ್ಲಿ ಇರುವವರಿಗೆ ಮೊದಲು ಹೊಳೆಯುವುದೇ ಅದು. ಮೊಲ ಹತ್ತಿಯನ್ನು ತಿನ್ನುತ್ತದೆ, ಅದು ಕರುಳಿನಲ್ಲಿ ಉಂಡೆಗಟ್ಟುತ್ತದೆ. ಹತ್ತಿಯ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ನಿಲ್ಲಿಸಬಹುದು. ಹಳೆಯ ಸೀರೆ, ಕೌದಿಯ ತುಂಡುಗಳಿಗೂ ಇದೇ ಮಾತು. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಚೂಪಾಗಿಯೂ ದೂಳಾಗಿಯೂ ಇರುತ್ತದೆ. ಅದನ್ನು ಮಲಗುವ ಜಾಗದಲ್ಲಿ ಹಾಕದೆ, ಜಾಲರಿಯ ಕೆಳಗಿನ ತಟ್ಟೆಯಲ್ಲಿ ಮೂತ್ರ ಹೀರಲು ಬಳಸಬಹುದು. ಗೂಡಿನ ತಳ ಪೂರ್ತಿ ತಂತಿಯಾಗಿದ್ದರೆ ಅರ್ಧ ಭಾಗಕ್ಕಾದರೂ ಹಲಗೆ ಹಾಕಿ. ತಂತಿಯ ಮೇಲೆ ಕೂತು ಕೂತು ಹಿಮ್ಮಡಿ ಹುಣ್ಣಾಗುತ್ತದೆ, ಕೆಳಗಿನಿಂದ ಗಾಳಿಯೂ ನುಗ್ಗುತ್ತದೆ.

ಒದ್ದೆಯಾದ ಹುಲ್ಲನ್ನು ದಿನವೂ ತೆಗೆಯಬೇಕು. ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಈ ಕೆಲಸವನ್ನು ಮಕ್ಕಳಿಗೆ ವಹಿಸಿ, ದೊಡ್ಡವರು ಮೇಲ್ವಿಚಾರಣೆ ಮಾಡುವುದು ಒಳ್ಳೆಯದು.

ಎಷ್ಟು ಮುಚ್ಚಬೇಕು?

ಸಂಜೆ ಸೂರ್ಯ ಮುಳುಗಿದ ಮೇಲೆ ಉತ್ತರ, ಪೂರ್ವ, ಪಶ್ಚಿಮ ಬದಿಗಳಿಗೆ ಗೋಣಿತಾಟು ಇಳಿಬಿಡಿ. ಮುಂದಿನ ಜಾಲರಿಗೂ ತಾಟು ಹಾಕಿ, ಆದರೆ ಮೇಲಿನ ಒಂದು ಗೇಣು ತೆರೆದೇ ಇರಲಿ. ಕೆಳಗೆ ಮೊಲ ಮಲಗುವ ಎತ್ತರದಲ್ಲಿ ಗಾಳಿ ತಾಗಬಾರದು, ಮೇಲಿನಿಂದ ಕೆಟ್ಟ ಗಾಳಿ ಹೊರಹೋಗಬೇಕು. ಇದೇ ಸೂತ್ರ. ಪ್ಲಾಸ್ಟಿಕ್ ಹಾಳೆ ಮಳೆ ಬಂದಾಗ ಮಾತ್ರ, ಅದೂ ಮಾಡಿನ ಮೇಲೆ. ಗೊಬ್ಬರದ ಚೀಲ, ಔಷಧಿಯ ಚೀಲಗಳನ್ನು ಎಷ್ಟು ತೊಳೆದರೂ ಬಳಸಬೇಡಿ. ಮೊಲ ಅವುಗಳನ್ನು ಕಡಿಯುತ್ತದೆ.

ಸರಿಯಾಗಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಬೆಳಿಗ್ಗೆ ತಾಟು ಸರಿಸುವ ಮುನ್ನ ನಿಮ್ಮ ಮೂಗನ್ನು ಮೊಲದ ಮಟ್ಟಕ್ಕೆ ತಂದು ನೋಡಿ. ಮೂಗು ಚುರುಗುಟ್ಟಿದರೆ ಗಾಳಿ ಸಾಲದು. ಹಾಸಿಗೆಯೊಳಗೆ ಕೈ ಹಾಕಿ. ಒಣಗಿದ್ದು ಬೆಚ್ಚಗಿದ್ದರೆ ನಿಮ್ಮ ಮೊಲ ಸುಖವಾಗಿದೆ. “ನಾಲ್ಕೂ ಕಡೆ ಮುಚ್ಚಲೇಬೇಕು” ಎಂದು ವಾದಿಸುವ ಹಿರಿಯರು ಮನೆಯಲ್ಲಿದ್ದರೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನದೆ ಅವರೂ ಒಮ್ಮೆ ಮೂಗು ಇಟ್ಟು ನೋಡಲಿ.

ಕೆಂಡ ಬೇಡ, ಬಲ್ಬು ಬೇಡ

ಇದ್ದಿಲ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ರಕ್ತಕ್ಕೆ ಆಮ್ಲಜನಕ ಸೇರದಂತೆ ಮಾಡಿ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಮೊಲಕ್ಕಷ್ಟೇ ಅಲ್ಲ, ಮನುಷ್ಯರಿಗೂ. ಮೊಲವನ್ನು ಕೋಣೆಯೊಳಗೆ ತಂದು, ಕೆಂಡದ ಮಡಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಮಕ್ಕಳೊಂದಿಗೆ ಮಲಗುವ ದುಸ್ಸಾಹಸವನ್ನು ಯಾರೂ ಮಾಡಬಾರದು.

ಹಳೆಯ ಕಾಲದ ತಂತಿಯ ಬಲ್ಬು ಬಿಸಿಯಾಗಿ ಒಣಹುಲ್ಲಿಗೆ ಬೆಂಕಿ ಹತ್ತಿಸಬಲ್ಲದು. ಎಲ್‌ಇಡಿ ಬಲ್ಬಿನಿಂದ ಗೂಡು ಬೆಚ್ಚಗಾಗುವಷ್ಟು ಶಾಖವೇ ಬರುವುದಿಲ್ಲ, ರಾತ್ರಿಯ ನೆಮ್ಮದಿ ಮಾತ್ರ ಕೆಡುತ್ತದೆ. ಯಾವ ಬಲ್ಬಾದರೂ ವೈರು ಇದ್ದೇ ಇರುತ್ತದೆ. ವೈರು ಕಂಡರೆ ಕಡಿಯದೆ ಬಿಡುವ ಮೊಲವಿಲ್ಲ. ಮುದಿ ಮೊಲಕ್ಕೋ ಕಾಯಿಲೆಯ ಮೊಲಕ್ಕೋ ಕಾವು ಬೇಕೇ ಬೇಕೆನಿಸಿದರೆ, ಬಾಟಲಿಯಲ್ಲಿ ಬಿಸಿನೀರು ತುಂಬಿ ಮುಚ್ಚಳ ಭದ್ರಪಡಿಸಿ, ದಪ್ಪ ಗೋಣಿಯಲ್ಲಿ ಸುತ್ತಿ, ಪೆಟ್ಟಿಗೆಯ ಹೊರಮೈಗೆ ಒತ್ತಿ ಇಡಿ. ಬೇಡವೆನಿಸಿದರೆ ಮೊಲ ದೂರ ಸರಿಯಲು ಜಾಗವಿರಬೇಕು.

ರಾತ್ರಿ ಮನೆಯೊಳಗೆ, ಹಗಲು ಹೊರಗೆ ಎಂದು ದಿನವೂ ಎತ್ತಿ ಇಳಿಸುವುದೂ ಒಳ್ಳೆಯದಲ್ಲ. ಹಗಲು ಚಿಕ್ಕದಾಗುತ್ತ ಬಂದಂತೆ ಮೊಲದ ತುಪ್ಪಟ ತಾನಾಗಿಯೇ ದಟ್ಟವಾಗುತ್ತದೆ. ಒಳಗಾದರೆ ಒಳಗೆ, ಹೊರಗಾದರೆ ಹೊರಗೆ. ಒಂದು ನಿರ್ಧಾರಕ್ಕೆ ನಿಲ್ಲಿ. ಮತ್ತು ದೀಪಾವಳಿಯ ಎಣ್ಣೆಸ್ನಾನವನ್ನು ದಯವಿಟ್ಟು ಮೊಲಕ್ಕೆ ಮಾಡಿಸಬೇಡಿ. ಮೊಲಕ್ಕೆ ಸ್ನಾನವೇ ಬೇಡ. ಅದು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ.

ಹೊಟ್ಟೆಯೇ ಒಲೆ

ಮೊಲದ ಹೊಟ್ಟೆಯಲ್ಲಿ ನಾರು ಹುದುಗುವಾಗ ಶಾಖ ಹುಟ್ಟುತ್ತದೆ. ಆದುದರಿಂದ ಚಳಿಗಾಲದ ಅತ್ಯುತ್ತಮ ಆಹಾರವೆಂದರೆ ಒಣಹುಲ್ಲು. ರಾತ್ರಿಯಿಡೀ ಮೆಲ್ಲಲು ಸಾಕಾಗುವಷ್ಟು ಇರಬೇಕು. ಅದರ ಹಲ್ಲುಗಳು ಜೀವನವಿಡೀ ಬೆಳೆಯುತ್ತಲೇ ಇರುತ್ತವೆ. ಅವು ಸವೆಯಲೂ ಹುಲ್ಲೇ ಬೇಕು. ಒಣಗಿಸಿದ ಗರಿಕೆ, ಹುಲ್ಲುಗಾವಲಿನ ಹುಲ್ಲು ಉತ್ತಮ. ಭತ್ತದ ಹುಲ್ಲಿನಲ್ಲಿ ಪೋಷಕಾಂಶ ಕಡಿಮೆಯಾದ್ದರಿಂದ ಅದೊಂದೇ ಸಾಲದು. ಕುದುರೆಮೆಂತ್ಯ, ಬೇಲಿಮೆಂತ್ಯದಂತಹ ಹಸಿರನ್ನು ಇಬ್ಬನಿ ಆರಿದ ಮೇಲೆ, ಒಂದು ಹಿಡಿ ಕೊಡಿ. ಶೇಂಗಾ ಬಳ್ಳಿಯ ಒಣಮೇವು ಕೊಡುವುದಾದರೆ ಬೂಷ್ಟು ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಚಳಿಯೆಂದು ರೊಟ್ಟಿ, ಅನ್ನ, ಬಿಸ್ಕತ್ತು ತಿನ್ನಿಸುವುದು ತಪ್ಪು. ಪಿಷ್ಟ ಹೆಚ್ಚಾದರೆ ಕರುಳಿನ ಒಳ್ಳೆಯ ಜೀವಾಣುಗಳು ಕೆಟ್ಟು ಹೊಟ್ಟೆ ಉಬ್ಬರಿಸುತ್ತದೆ.

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುತ್ತಾರೆ. ಬರುವಾಗ ಮಕ್ಕಳು ಮೊಲಕ್ಕೆಂದು ಹಸಿಕಡಲೆ ಗಿಡ, ಜೋಳದ ಚಿಗುರು ತರುತ್ತಾರೆ. ಇಲ್ಲಿ ಎರಡು ಎಚ್ಚರ ಬೇಕು. ರೂಢಿಯಿಲ್ಲದ ಹಸಿರು ಒಮ್ಮೆಲೇ ಹೆಚ್ಚಾದರೆ ಭೇದಿಯಾಗುತ್ತದೆ. ಎರಡು ಎಲೆಯಿಂದ ಆರಂಭಿಸಿ. ಎಳೆ ಜೋಳ, ಕೊಯ್ದ ಮೇಲೆ ಒಡೆದ ಕೂಳೆಯ ಚಿಗುರು ಇವುಗಳಲ್ಲಿ ಸಯನೈಡ್ ವಿಷವಿರುತ್ತದೆ. ದನಗಳೇ ಅದನ್ನು ತಿಂದು ಸಾಯುವುದನ್ನು ರೈತರು ಬಲ್ಲರು. ಹತ್ತಿ ಹೊಲದ ಬದುವಿನ ಹುಲ್ಲಿನ ಮೇಲೆ ಕೀಟನಾಶಕ ಬಿದ್ದಿರುತ್ತದೆ, ಅದೂ ಬೇಡ. ಇಡೀ ದಿನ ಹೊಲದಲ್ಲಿರುವ ಆ ದಿನ, ಹೊರಡುವ ಮುನ್ನ ಹುಲ್ಲು, ನೀರು ತುಂಬಿ, ಗೂಡು ಮಧ್ಯಾಹ್ನಕ್ಕೆ ನೆರಳಿನಲ್ಲಿರುವಂತೆ ನೋಡಿಕೊಳ್ಳಿ.

ಮೊಲ ತನ್ನ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 100 ಮಿಲಿಲೀಟರ್ ನೀರು ಕುಡಿಯುತ್ತದೆ. ನೀರು ಕಡಿಮೆಯಾದರೆ ಕರುಳಿನ ಚಲನೆಯೇ ನಿಧಾನವಾಗುತ್ತದೆ. ಮಗುಚದ ಮಣ್ಣಿನ ಬಟ್ಟಲಲ್ಲಿ ಬೆಳಿಗ್ಗೆ ಸಂಜೆ ಹೊಸ ನೀರು ಹಾಕಿ. ಬೆಳಿಗ್ಗೆ ಉಗುರುಬೆಚ್ಚಗಿದ್ದರೆ ಇನ್ನೂ ಒಳ್ಳೆಯದು. ಬಟ್ಟಲನ್ನು ಮಲಗುವ ಪೆಟ್ಟಿಗೆಯಿಂದ ದೂರವಿಡಿ.

ಮರಿಗಳಿದ್ದರೆ

ಚಳಿ ನಿಜವಾಗಿ ಕೊಲ್ಲುವುದು ಹುಟ್ಟಿದ ಮರಿಗಳನ್ನು. ಮೈಮೇಲೆ ಕೂದಲಿಲ್ಲದ ಅವುಗಳಿಗೆ 30 ಡಿಗ್ರಿ ದಾಟಿದ ಕಾವು ಬೇಕು. ತಾಯಿ ತನ್ನ ಹೊಟ್ಟೆಯ ತುಪ್ಪಟ ಕಿತ್ತು ಗೂಡು ಮಾಡುವುದು ಅದಕ್ಕಾಗಿಯೇ. ಆ ತುಪ್ಪಟವನ್ನು ಕಸವೆಂದು ಬಿಸಾಡಬೇಡಿ. ತಾಯಿ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸಿ ದೂರ ಕೂರುತ್ತದೆ. ಅದು ಮರಿಗಳನ್ನು ತೊರೆದಿಲ್ಲ, ಅದರ ಸ್ವಭಾವವೇ ಹಾಗೆ. ಮರಿಯೊಂದು ಗೂಡಿನಿಂದ ಹೊರಬಿದ್ದು ತಣ್ಣಗಾಗಿದ್ದರೆ ತೊಳೆದ ಅಂಗೈಗಳ ನಡುವೆ ಹಿಡಿದು ಮೆಲ್ಲಗೆ ಬೆಚ್ಚಗಾಗಿಸಿ, ಮತ್ತೆ ಉಳಿದ ಮರಿಗಳ ನಡುವೆ ಇಡಿ. ಸುಮಾರು ಹತ್ತು ದಿನಕ್ಕೆ ಕಣ್ಣು ಬಿಡುವ ಹೊತ್ತಿಗೆ ಮೈತುಂಬ ಕೂದಲೂ ಬಂದಿರುತ್ತದೆ.

ವೈದ್ಯರ ಬಳಿಗೆ ಯಾವಾಗ?

ಮೊಲ ಬೇಟೆಗೆ ಒಳಗಾಗುವ ಪ್ರಾಣಿ. ನೋವನ್ನು ಬಚ್ಚಿಡುವುದು ಅದರ ಗುಣ. ಹೊರಗೆ ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ದಿನವೂ ಹಿಕ್ಕೆ ನೋಡಿ. ಹತ್ತು ಹನ್ನೆರಡು ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ನಾಳೆ ನೋಡೋಣ ಎನ್ನಬಾರದು. ಕರುಳು ನಿಂತಿದೆ ಎಂದರ್ಥ, ಅದು ಪ್ರಾಣಕ್ಕೇ ಅಪಾಯ. ಸೀನು, ಮೂಗಿನಿಂದ ಬಿಳಿ ಸಿಂಬಳ, ಅದನ್ನು ಒರೆಸಿಕೊಂಡು ಅಂಟಂಟಾದ ಮುಂಗಾಲು, ಬಾಯಿ ತೆರೆದು ಉಸಿರಾಟ, ಮುದುಡಿ ಕೂತು ಕರೆದರೂ ಕದಲದಿರುವುದು, ಇವೆಲ್ಲ ಪಶುವೈದ್ಯರನ್ನು ಕಾಣಬೇಕಾದ ಗುರುತುಗಳು. ಮೂತ್ರ ಕೆಂಪಗೆ ಕಂಡರೆ ಮಾತ್ರ ಕೂಡಲೇ ಹೆದರಬೇಡಿ. ಕೆಲವು ಸೊಪ್ಪು ತಿಂದಾಗ ಬಣ್ಣ ಹಾಗಾಗುವುದುಂಟು.

ಮನೆಯಲ್ಲಿ ಉಳಿದ ಮಕ್ಕಳ ಔಷಧಿ ಕುಡಿಸುವುದು ಅತ್ಯಂತ ಅಪಾಯ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂತಹ ಔಷಧಿಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಜೀವಾಣುಗಳು ನಾಶವಾಗಿ ಅದು ಸಾಯಬಹುದು. ಮೂಗಿಗೆ ನೆಗಡಿಯ ಮುಲಾಮು, ಕರ್ಪೂರ ಹಚ್ಚಬಾರದು. ನಾಯಿಗೆ ಹಾಕುವ ಉಣ್ಣೆಯ ಔಷಧಿಗಳಲ್ಲಿ ಫಿಪ್ರೊನಿಲ್ ಇರುವುದು ಮೊಲಕ್ಕೆ ವಿಷ.

ಮಕ್ಕಳ ಆರೋಗ್ಯವೂ ಮುಖ್ಯ

ಚಳಿಯೆಂದು ಮೊಲವನ್ನು ಹಾಸಿಗೆಯೊಳಗೆ ಮಲಗಿಸಿಕೊಳ್ಳುವ ಮಕ್ಕಳಿದ್ದಾರೆ. ಮೊಲದ ಕಜ್ಜಿ, ಹುಳುಕಡ್ಡಿ ಮನುಷ್ಯರಿಗೂ ಹರಡಬಲ್ಲವು. ಮೊಲದ ಮೂಗು, ಕಿವಿಯಂಚು, ಪಾದಗಳಲ್ಲಿ ಬಿಳಿ ಹಕ್ಕಳೆ, ಕೂದಲು ಉದುರಿದ ಜಾಗ ಕಂಡರೆ ಮೊಲಕ್ಕೆ ಪಶುವೈದ್ಯರು, ಮಗುವಿನ ತುರಿಕೆಗೆ ಚರ್ಮವೈದ್ಯರು, ಇಬ್ಬರೂ ಬೇಕು. ಉಬ್ಬಸವಿರುವ ಮಕ್ಕಳಿಗೆ ಹುಲ್ಲಿನ ದೂಳು, ಮೊಲದ ಕೂದಲು ಆಗಿಬರುವುದಿಲ್ಲ. ಗೂಡು ಶುಚಿ ಮಾಡುವ ಕೆಲಸ ಅವರಿಗೆ ಬೇಡ. ಉಳಿದವರೂ ಮೊಲ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕೂರಬೇಕು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎಂಬ ಮಾತಿದೆ. ನಮ್ಮ ಜಿಲ್ಲೆಯಲ್ಲಿ ಅದು ಇನ್ನೂ ಮೊದಲೇ ಓಡುವುದುಂಟು. ಸಂಕ್ರಾಂತಿ ಕಳೆದ ಮೇಲೆ ರಾತ್ರಿಗಳು ಬೆಚ್ಚಗಾದಂತೆ ಒಂದೊಂದೇ ತಾಟು ತೆಗೆಯುತ್ತ ಬನ್ನಿ. ಮಾಡಿನ ಮೇಲಿನ ಹುಲ್ಲನ್ನು ಮಾತ್ರ ಹಾಗೆಯೇ ಬಿಡಿ. ಚಳಿಗೆಂದು ಹಾಕಿದ ಆ ಹುಲ್ಲೇ ಏಪ್ರಿಲಿನಲ್ಲಿ ನಿಮ್ಮ ಮೊಲದ ಪ್ರಾಣ ಉಳಿಸುತ್ತದೆ.